ಮೀಟರ್ ಹೇಳುವ ಚಾಡಿ: ಟೈಮ್ ಸೀರೀಸ್ ಡೇಟಾದ ಗುಟ್ಟು ಕಾಯಲು ಯಾವ ದಾರಿ ಆರಿಸಬೇಕು?

ಬೆಳಿಗ್ಗೆ ಐದೂವರೆಗೆ ಗೀಸರ್ ಹತ್ತುತ್ತದೆ. ಆರೂವರೆಗೆ ಇನ್ನೊಮ್ಮೆ. ಹತ್ತರಿಂದ ಸಂಜೆ ಐದರ ತನಕ ಬರೀ ಫ್ರಿಜ್, ಅಂದರೆ ಮನೆಗೆ ಬೀಗ. ಶನಿವಾರ ರಾತ್ರಿ ಗ್ರೈಂಡರ್ ಓಡಿದೆ, ಹಾಗಾದರೆ ಭಾನುವಾರ ದೋಸೆ. ಸಂಕ್ರಾಂತಿಯ ವಾರ ಗೆರೆ ಪೂರ್ತಿ ಮಲಗಿದೆ, ಊರಿಗೆ ಹೋಗಿದ್ದಾರೆ. ಮಾರ್ಚ್‌ನಲ್ಲಿ ರಾತ್ರಿ ಒಂದರ ತನಕ ಸಣ್ಣದೊಂದು ಲೋಡ್ ಎದ್ದೇ ಇದೆ, ಯಾರೋ ಪರೀಕ್ಷೆಗೆ ಓದುತ್ತಿರಬೇಕು.

ಇಷ್ಟೆಲ್ಲಾ ಚಾಡಿ ಹೇಳಿದ್ದು ಮನೆಯ ಕರೆಂಟ್ ಮೀಟರ್. ಗ್ರೈಂಡರ್ ತನಕ ಓದಬೇಕಾದರೆ ನಿಮಿಷ ನಿಮಿಷದ ಲೆಕ್ಕ ಬೇಕು, ನಿಜ. ಆದರೆ ಗೀಸರ್, ಬೀಗ, ಊರಿನ ಪ್ರಯಾಣ ಇವಕ್ಕೆ ಅರ್ಧ ಗಂಟೆಯ ಲೆಕ್ಕವೇ ಸಾಕು. ನಮ್ಮಲ್ಲಿ ಈಗ ಹಾಕುತ್ತಿರುವ ಸ್ಮಾರ್ಟ್ ಮೀಟರ್‌ಗಳು ಸಾಮಾನ್ಯವಾಗಿ 15 ಅಥವಾ 30 ನಿಮಿಷಕ್ಕೊಮ್ಮೆ ಬರೆದಿಡುತ್ತವೆ. ಹೀಗೆ ಹೊತ್ತಿನ ಸಾಲಿನಲ್ಲಿ ಬರೆದಿಟ್ಟ ಸಂಖ್ಯೆಗಳೇ ಟೈಮ್ ಸೀರೀಸ್. ಅವನ್ನು ಗ್ರಾಫಿನಲ್ಲಿ ಎಳೆದರೆ ಸಿಗುವುದೇ ಗೆರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಯೋಜನೆಯಲ್ಲಿ ಇಟ್ಟುಕೊಂಡ ಗುರಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್.

ಇದು ಹೊಸ ಸಂಗತಿಯೂ ಅಲ್ಲ. ಮನೆಯ ಹೊರಗಿನ ಒಂದೇ ಮೀಟರ್ ನೋಡಿ ಒಳಗೆ ಯಾವ ಯಂತ್ರ ಹತ್ತಿತು, ಯಾವುದು ಆರಿತು ಎಂದು ಹೇಳುವ ವಿದ್ಯೆಯನ್ನು ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ಕಟ್ಟಿದರು. ಇದನ್ನು ಗೂಢಚಾರಿಕೆಗೂ ಬಳಸಬಹುದು ಎಂದು 1989ರಲ್ಲಿ ಎಚ್ಚರಿಸಿದವರೂ ಅವರೇ. ಕತ್ತಿ ಮಾಡಿದವರೇ ಒರೆಯೂ ಬೇಕು ಅಂದ ಹಾಗೆ.

ಈಗ ನಿಮ್ಮ ಕೈಯಲ್ಲಿ ಇಂಥ ಡೇಟಾ ಇದೆ ಅಂದುಕೊಳ್ಳಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್, 200 ಮನೆ, ಒಂದು ವರ್ಷದ ಅರ್ಧರ್ಧ ಗಂಟೆಯ ರೀಡಿಂಗ್. ಒಟ್ಟು 35 ಲಕ್ಷ ಸಂಖ್ಯೆಗಳು. ಚಾವಣಿಗೆ ಸೋಲಾರ್ ಹಾಕುವ ಕಂಪನಿಯವರು ಡೇಟಾ ಕೇಳುತ್ತಿದ್ದಾರೆ. ಕಾಲೇಜಿನ ಹುಡುಗರು ಪ್ರಾಜೆಕ್ಟ್‌ಗೆ ಕೇಳುತ್ತಿದ್ದಾರೆ. ಸಂಘದ ಕಾರ್ಯದರ್ಶಿ ನಿಮ್ಮನ್ನೇ ನೋಡುತ್ತಿದ್ದಾರೆ: "ಕೊಡಬಹುದಾ? ಹೇಗೆ ಕೊಡೋದು?"

ದಾರಿಗಳು ಐದಾರಿವೆ. ಒಂದೊಂದನ್ನೂ ಇದೇ 200 ಮನೆಗಳ ಮೇಲೆ ಇಟ್ಟು ನೋಡೋಣ. ಮೀಟರ್ ಬದಲು ನಿಮ್ಮ ಹತ್ತಿರ ಇರುವುದು ಸ್ಮಾರ್ಟ್ ವಾಚ್‌ನ ಎದೆಬಡಿತವಾಗಿರಲಿ, ಕ್ಯಾಬ್‌ನ ಜಿಪಿಎಸ್ ಆಗಿರಲಿ, ಲೆಕ್ಕ ಹೆಚ್ಚುಕಮ್ಮಿ ಇದೇ.

ಹೆಸರು ಅಳಿಸಿದರೆ ಸಾಕಲ್ವಾ?

ಎಲ್ಲರ ಮೊದಲ ಉತ್ತರ ಇದೇ. ಮನೆ ನಂಬರ್ ತೆಗೆದು ಅದರ ಜಾಗದಲ್ಲಿ ಯಾವುದೋ ಕೋಡ್ ಹಾಕಿಬಿಡುವುದು. ಖರ್ಚಿಲ್ಲ, ಐದು ನಿಮಿಷದ ಕೆಲಸ. ಕಾಪಾಡುವುದೂ ಅಷ್ಟೇ, ಐದು ನಿಮಿಷ.

ನ್ಯೂಯಾರ್ಕ್‌ನಲ್ಲಿ 2014ರಲ್ಲಿ ಏನಾಯಿತು ನೋಡಿ. 2013ರ ಟ್ಯಾಕ್ಸಿ ಪ್ರಯಾಣಗಳ ಪಟ್ಟಿ ಹೊರಗೆ ಬಂತು. 17 ಕೋಟಿಗೂ ಜಾಸ್ತಿ ಪ್ರಯಾಣಗಳು. ಟ್ಯಾಕ್ಸಿಯ ನಂಬರನ್ನು ಎಂಡಿ5 ಎಂಬ ಲೆಕ್ಕದಿಂದ ಗುರುತು ಸಿಗದ ಹಾಗೆ ಮಾಡಿದ್ದರು. ಆದರೆ ಅಲ್ಲಿ ಟ್ಯಾಕ್ಸಿ ನಂಬರಿಗೆ ಇರುವುದು ಕೆಲವೇ ಮಾದರಿ. ಸಾಧ್ಯವಿರುವ ನಂಬರುಗಳನ್ನೆಲ್ಲಾ ಒಂದೊಂದಾಗಿ ಅದೇ ಲೆಕ್ಕಕ್ಕೆ ಹಾಕಿ ನೋಡಿದರು. ಅಸಲಿ ನಂಬರು ಎದ್ದು ಬಂತು. ನಮ್ಮ 200 ಮನೆಗಳಿಗೆ ಎ-101, ಎ-102 ಅಂತ ನಂಬರ್ ಇದ್ದರೆ ಅಷ್ಟು ಕಷ್ಟವೂ ಬೇಡ.

ಸರಿ, ಕೋಡನ್ನು ಯಾರೂ ಬಿಡಿಸಲಾಗದ ಹಾಗೆ ಚೀಟಿ ಎತ್ತಿ ಕೊಟ್ಟಿರಿ ಅಂದುಕೊಳ್ಳೋಣ. ಆಗಲೂ ಉಳಿಯುವುದು ಗೆರೆಯ ಆಕಾರ. 2013ರಲ್ಲಿ ಇವ್-ಅಲೆಕ್ಸಾಂಡ್ರ್ ದ ಮೊಂಜೋಯ್ ಮತ್ತು ಜೊತೆಯವರು 15 ಲಕ್ಷ ಜನರ 15 ತಿಂಗಳ ಮೊಬೈಲ್ ಡೇಟಾ ನೋಡಿದರು. ಒಬ್ಬ ಮನುಷ್ಯ ಯಾವ ಗಂಟೆಗೆ ಯಾವ ಟವರ್ ಹತ್ತಿರ ಇದ್ದ ಎಂಬ ನಾಲ್ಕೇ ನಾಲ್ಕು ಚುಕ್ಕೆ ಗೊತ್ತಿದ್ದರೆ, 95% ಜನರ ಗೆರೆಯನ್ನು ಉಳಿದೆಲ್ಲರಿಂದ ಬೇರೆ ಮಾಡಿ ತೋರಿಸಬಹುದಿತ್ತು. ಹೆಸರು ಯಾವುದಕ್ಕೆ ಬೇಕು?

ಅಪಾರ್ಟ್‌ಮೆಂಟಿನಲ್ಲಿ ಇದು ಇನ್ನೂ ಸಲೀಸು. ಎದುರು ಮನೆಯವರಿಗೆ ನೀವು ದಸರಾಕ್ಕೆ ಯಾವ ದಿನ ಹೊರಟಿರಿ, ಯಾವ ದಿನ ಬಂದಿರಿ ಗೊತ್ತು. ಮೇ ತಿಂಗಳಲ್ಲಿ ಮದುವೆಗೆ ಮೂರು ದಿನ ಹೋಗಿದ್ದೂ ಗೊತ್ತು. ಆ ಎರಡು ಖಾಲಿ ಜಾಗ ಹೊಂದುವ ಗೆರೆ 200ರಲ್ಲಿ ಒಂದೇ ಇರುತ್ತದೆ. ಆಮೇಲೆ ಉಳಿದ ವರ್ಷವೆಲ್ಲಾ ಬಿಚ್ಚಿಟ್ಟ ಪುಸ್ತಕ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ, ಯಾವ ಡೇಟಾದಿಂದ ಒಬ್ಬರನ್ನು ಗುರುತಿಸಬಹುದೋ ಅದನ್ನು ವೈಯಕ್ತಿಕ ಡೇಟಾ ಅನ್ನುತ್ತದೆ. ಹೆಸರಿನ ಕಾಲಂ ಅಳಿಸಿದ ಮಾತ್ರಕ್ಕೆ ನಿಮ್ಮ ಜವಾಬ್ದಾರಿ ಅಳಿಯುವುದಿಲ್ಲ.

ಹಾಗಂತ ಹೆಸರು ಅಳಿಸುವುದು ಬೇಡ ಅಂತಲ್ಲ. ಅಳಿಸಲೇಬೇಕು. ಅದನ್ನು ಬಾಗಿಲು ಎಳೆದುಕೊಂಡಂತೆ ಅಂದುಕೊಳ್ಳಿ, ಬೀಗ ಹಾಕಿದಂತೆ ಅಲ್ಲ.

ಗೆರೆಯನ್ನು ದಪ್ಪ ಮಾಡುವುದು

ಅರ್ಧ ಗಂಟೆಯ ಬದಲು ದಿನಕ್ಕೊಂದು ಸಂಖ್ಯೆ ಕೊಡಿ. ಇಲ್ಲವೇ ತಿಂಗಳಿಗೊಂದು. ಬುದ್ಧಿವಂತಿಕೆ ಏನೂ ಬೇಡದ ಈ ದಾರಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ದಿನದ ಮೊತ್ತ ಕೊಟ್ಟರೆ ಗೀಸರ್ ಮಾಯ, ಏಳುವ ಹೊತ್ತು ಮಾಯ, ಮಧ್ಯಾಹ್ನದ ಬೀಗ ಮಾಯ. ಆದರೆ ಊರಿಗೆ ಹೋದ ವಾರ ಹಾಗೇ ಕಾಣುತ್ತದೆ. ತಿಂಗಳ ಮೊತ್ತ ಕೊಟ್ಟರೆ ಅದೂ ಹೆಚ್ಚುಕಮ್ಮಿ ಮುಚ್ಚಿಹೋಗುತ್ತದೆ. ಬ್ರಿಟನ್ನಿನಲ್ಲಿ ಈ ಆಯ್ಕೆಯನ್ನು ಗ್ರಾಹಕರ ಕೈಗೇ ಕೊಟ್ಟಿದ್ದರು: ಮೀಟರಿನ ಲೆಕ್ಕವನ್ನು ಅರ್ಧ ಗಂಟೆಗೊಮ್ಮೆ ಕಳಿಸಬೇಕೋ, ದಿನಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ ಅಂತ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು ಅಲ್ಲಿನ ಮೇಲ್ಮನೆ 2009ರಲ್ಲಿ ವಾಪಸ್ ಕಳಿಸಿದ್ದಕ್ಕೂ ಖಾಸಗಿತನದ ಚಿಂತೆಯೇ ಕಾರಣ.

ಒಂದು ಎಚ್ಚರಿಕೆ. ದಪ್ಪ ಮಾಡಿದಷ್ಟೂ ಗುರುತು ಅಷ್ಟೇ ವೇಗವಾಗಿ ಅಳಿಯುತ್ತದೆ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಮೊಬೈಲ್ ಅಧ್ಯಯನದಲ್ಲೇ ಕಂಡದ್ದು ಇದು: ಜಾಗವನ್ನೂ ಸಮಯವನ್ನೂ ಬಹಳ ದಪ್ಪ ಮಾಡಿದರೂ ಜನ ಬೇರೆ ಬೇರೆಯಾಗಿ ಕಾಣುವುದು ನಿಧಾನಕ್ಕೆ ಮಾತ್ರ ಕಮ್ಮಿಯಾಯಿತು. ವರ್ಷವಿಡೀ ಡೇಟಾ ಇದ್ದಾಗ ದಿನದ ಮೊತ್ತವೇ 365 ಚುಕ್ಕೆ.

ಇಲ್ಲಿ ಒಂದು ಸಣ್ಣ ಉಪಾಯ ಇದೆ. ದಿನಗಳನ್ನು ಒಟ್ಟು ಮಾಡುವ ಬದಲು, ದಿನಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯಿರಿ. ಜನವರಿಯ 31 ದಿನಗಳ ಬದಲು ಜನವರಿಯ ಒಂದು ಸರಾಸರಿ ದಿನ. ಒಂದು ಮನೆಗೆ ವರ್ಷಕ್ಕೆ 17,520 ಸಂಖ್ಯೆ ಇದ್ದದ್ದು 576ಕ್ಕೆ ಇಳಿಯುತ್ತದೆ. ಸೋಲಾರ್‌ನವರಿಗೆ ಬೇಕಾದ್ದು ಹಗಲು ಯಾವ ಹೊತ್ತಿಗೆ ಎಷ್ಟು ಕರೆಂಟ್ ಹೋಗುತ್ತದೆ ಎಂಬುದು. ಅದು ಪೂರ್ತಿ ಸಿಕ್ಕಿತು. ನೀವು ಸಂಕ್ರಾಂತಿಗೆ ಎಲ್ಲಿದ್ದಿರಿ ಎಂಬುದು ಅವರಿಗೆ ಬೇಡ, ಅದು ಸರಾಸರಿಯಲ್ಲಿ ಕರಗಿತು. ಏಳುವ ಹೊತ್ತು, ಗೀಸರ್ ಹೊತ್ತು ಮಾತ್ರ ಇನ್ನೂ ಉಳಿಯುತ್ತದೆ. ಹಾಗಾಗಿ ಇದನ್ನು ಮನೆಮನೆಯ ಲೆಕ್ಕದಲ್ಲಿ ಹೊರಗೆ ಬಿಡಬಾರದು. ಮುಂದಿನ ದಾರಿಯ ಜೊತೆ ಸೇರಿಸಬೇಕು.

ಗುಂಪಿನಲ್ಲಿ ಗೋವಿಂದ

ಹಲವು ಮನೆಗಳ ಮೊತ್ತ ಮಾತ್ರ ಕೊಡುವುದು. ಎ ಬ್ಲಾಕಿನ 40 ಮನೆಯ ಒಟ್ಟು ಲೋಡ್ ಇಷ್ಟು, ಅಷ್ಟೇ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ 15/15 ಎಂಬ ನಿಯಮ ಇತ್ತು: ಗುಂಪಿನಲ್ಲಿ ಕನಿಷ್ಠ 15 ಗ್ರಾಹಕರಿರಬೇಕು, ಯಾರೊಬ್ಬರದೂ ಮೊತ್ತದ 15% ದಾಟಬಾರದು. ಎರಡನೇ ಅರ್ಧ ಬಹಳ ಮುಖ್ಯ. 20 ಮನೆಯಲ್ಲಿ ಒಂದೇ ಒಂದು ಮನೆ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುತ್ತಿದ್ದರೆ, ರಾತ್ರಿಯ ಮೊತ್ತ ಅಂದರೆ ಆ ಕಾರೇ.

ಗುಂಪಿನ ಮೊತ್ತ ಸೋಲುವುದು ಕಳೆಯುವ ಲೆಕ್ಕದಲ್ಲಿ. ಒಬ್ಬರಿಗೆ 40 ಮನೆಯ ಮೊತ್ತ ಕೊಟ್ಟಿರಿ. ಒಂದು ಮನೆಯವರು ನಮ್ಮದು ಬೇಡ ಅಂದರು. ಇನ್ನೊಬ್ಬರಿಗೆ 39 ಮನೆಯ ಮೊತ್ತ ಕೊಟ್ಟಿರಿ. ಎರಡನ್ನೂ ಪಕ್ಕದಲ್ಲಿಟ್ಟು ಕಳೆದರೆ ಸಿಗುವುದು, ಬೇಡ ಅಂದ ಆ ಒಬ್ಬರದೇ ಲೆಕ್ಕ! ಗುಟ್ಟು ಬೇಕೆಂದವರದೇ ಗುಟ್ಟು ರಟ್ಟು. ಅದಕ್ಕೆ ಗುಂಪನ್ನು ಒಮ್ಮೆ ಕಟ್ಟಿದರೆ ಕದಲಿಸಬಾರದು. ಯಾರಿಗೆ ಯಾವ ಮೊತ್ತ ಕೊಟ್ಟಿರಿ ಎಂದು ಬರೆದಿಡಬೇಕು.

ಇದರ ದಾಯಾದಿಯೊಂದಿದೆ, ಕೆ-ಅನಾಮಿಕತೆ. 2002ರಲ್ಲಿ ಲತಾನ್ಯಾ ಸ್ವೀನಿ ಮುಂದಿಟ್ಟ ಈ ಪದ್ಧತಿಯಲ್ಲಿ ಪ್ರತಿ ದಾಖಲೆಯೂ ಇನ್ನೂ ಕೆಲವು ದಾಖಲೆಗಳ ಹಾಗೇ ಕಾಣುವಂತೆ ಮಾಡುತ್ತಾರೆ. ವಯಸ್ಸು, ಪಿನ್‌ಕೋಡ್ ಇರುವ ಪಟ್ಟಿಗೆ ಇದು ಹೊಂದುತ್ತದೆ. ಟೈಮ್ ಸೀರೀಸ್‌ಗೆ ಒಗ್ಗುವುದು ಕಷ್ಟ. 17,520 ಸಂಖ್ಯೆಗಳ ಸಾಲಿನಲ್ಲಿ ಇನ್ನೊಂದು ಮನೆಯ ಹಾಗೇ ಕಾಣುವ ಮನೆ ಎಲ್ಲಿದೆ? ಒತ್ತಾಯದಿಂದ ಒಂದೇ ಮಾಡಿದರೆ ಏರಿಳಿತವೆಲ್ಲಾ ಸವೆದು ಅನ್ನ ಗಂಜಿಯಾಗುತ್ತದೆ.

ಗದ್ದಲ ಸೇರಿಸುವುದು

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಜಾಸ್ತಿ ಜನ ಮೋಸಹೋಗುವುದು ಇಲ್ಲೇ.

ಸುಲಭದ ಆವೃತ್ತಿ ಇದು: ಪ್ರತಿ ರೀಡಿಂಗ್‌ಗೂ ಒಂದಷ್ಟು ಸುಮ್ನೆ ಕೂಡಿಸು, ಕಳೆ. ನೋಡಲು ಗೆರೆ ಕೆದರಿದ ಹಾಗೆ ಇರುತ್ತದೆ, ಏನೂ ಓದಲಾಗದು ಅನ್ನಿಸುತ್ತದೆ. ಆದರೆ ಮನೆಯವರ ರೂಢಿ ದಿನಾ ಮರಳಿ ಬರುತ್ತದೆ, ಗದ್ದಲ ಮರಳಿ ಬರುವುದಿಲ್ಲ. 30 ದಿನಗಳ ಐದೂವರೆಯ ರೀಡಿಂಗ್ ಸೇರಿಸಿ ಸರಾಸರಿ ತೆಗೆದರೆ ಗದ್ದಲ ಸುಮಾರು ಐದೂವರೆ ಪಟ್ಟು ಕುಗ್ಗುತ್ತದೆ. ವರ್ಷದ್ದು ತೆಗೆದರೆ 19 ಪಟ್ಟು. ಗೀಸರ್ ಮತ್ತೆ ತಲೆ ಎತ್ತಿತು. ಹಿಲ್ಲೋಲ್ ಕಾರ್ಗುಪ್ತ ಮತ್ತು ಜೊತೆಯವರು 2003ರಲ್ಲೇ ಇಂಥ ಗದ್ದಲವನ್ನು ಸೋಸಿ ತೆಗೆದು ಅಸಲಿಗೆ ಹತ್ತಿರದ ಸಂಖ್ಯೆಗಳನ್ನು ಪಡೆಯಬಹುದು ಎಂದು ತೋರಿಸಿದ್ದರು. ನೆರೆಹೊರೆಯ ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಂಡಿರುವ ಡೇಟಾದಲ್ಲಿ ಸೋಸುವುದು ಇನ್ನೂ ಸುಲಭ. ಟೈಮ್ ಸೀರೀಸ್ ಅಂದರೆ ಅದೇ ತಾನೇ.

ಗಟ್ಟಿ ಆವೃತ್ತಿಯ ಹೆಸರು ಡಿಫರೆನ್ಷಿಯಲ್ ಪ್ರೈವಸಿ. 2006ರಲ್ಲಿ ಸಿಂಥಿಯಾ ಡ್ವರ್ಕ್, ಫ್ರಾಂಕ್ ಮೆಕ್‌ಶೆರಿ, ಕೋಬಿ ನಿಸಿಮ್, ಆಡಮ್ ಸ್ಮಿತ್ ಕೊಟ್ಟ ಲೆಕ್ಕ. ಸಾರ ಇಷ್ಟೇ: ನಿಮ್ಮ ಮನೆ ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಹೊರಗೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇರಬೇಕು. "ಹೆಚ್ಚುಕಮ್ಮಿ" ಎಷ್ಟು ಎಂಬುದನ್ನು ಎಪ್ಸಿಲಾನ್ ಎಂಬ ಸಂಖ್ಯೆ ಹೇಳುತ್ತದೆ. ಎಪ್ಸಿಲಾನ್ ಚಿಕ್ಕದಾದಷ್ಟೂ ರಕ್ಷಣೆ ಜಾಸ್ತಿ, ಗದ್ದಲವೂ ಜಾಸ್ತಿ.

ನಮ್ಮ ಅಪಾರ್ಟ್‌ಮೆಂಟಿಗೇ ಲೆಕ್ಕ ಹಾಕೋಣ. ಒಂದು ಮನೆ ದಿನಕ್ಕೆ ಸರಾಸರಿ 6 ಯೂನಿಟ್ ಉರಿಸುತ್ತದೆ ಅನ್ನಿ. ತಿಂಗಳಿಗೆ 180, ಗೃಹಜ್ಯೋತಿಯ 200ರ ಗೆರೆಯ ಒಳಗೇ. 200 ಮನೆ ಸೇರಿ ಅರ್ಧ ಗಂಟೆಗೆ ಸರಾಸರಿ 25 ಯೂನಿಟ್. ಒಂದು ಮನೆಯ ಲೋಡ್ 5 ಕಿಲೋವ್ಯಾಟ್ ದಾಟದು ಅಂದರೆ ಅರ್ಧ ಗಂಟೆಯಲ್ಲಿ ಹೆಚ್ಚೆಂದರೆ 2.5 ಯೂನಿಟ್. ಎಪ್ಸಿಲಾನ್ 1 ಇಟ್ಟರೆ ಸೇರಿಸಬೇಕಾದ ಗದ್ದಲದ (ಈ ಲೆಕ್ಕದಲ್ಲಿ ಬಳಸುವ ಬಗೆಗೆ ಲಾಪ್ಲಾಸ್ ಗದ್ದಲ ಅನ್ನುತ್ತಾರೆ) ಹರವು ಈ 2.5ರ ಸುಮಾರು 1.4 ಪಟ್ಟು, ಅಂದರೆ 3.5 ಯೂನಿಟ್. 25ಕ್ಕೆ 3.5, ಅಂದರೆ 14% ತಪ್ಪು. ಪರವಾಗಿಲ್ಲ, ಅಲ್ವಾ?

ತಡೆಯಿರಿ. ಈ ಲೆಕ್ಕ ಕಾಪಾಡಿದ್ದು ಒಂದೇ ಒಂದು ಅರ್ಧ ಗಂಟೆಯನ್ನು. ದಿನಕ್ಕೆ 48 ಅರ್ಧ ಗಂಟೆಗಳಿವೆ. ಒಂದು ಮನೆಯ ಇಡೀ ದಿನವನ್ನು ಕಾಪಾಡಬೇಕಾದರೆ 2.5ರ ಜಾಗದಲ್ಲಿ 120 ಹಾಕಬೇಕು. ಗದ್ದಲ ಸುಮಾರು 170 ಯೂನಿಟ್. ಅಸಲಿ ಸಂಖ್ಯೆ 25, ಗದ್ದಲ 170. ಇದನ್ನು ಕೊಡುವ ಬದಲು ಪಗಡೆ ಉರುಳಿಸಿ ಬಂದ ಸಂಖ್ಯೆ ಕೊಟ್ಟರೂ ಆದೀತು. ಇಡೀ ವರ್ಷ ಕಾಪಾಡುವ ಮಾತು ಬಿಡಿ.

ಹಾಗಾಗಿ ಯಾರಾದರೂ "ನಮ್ಮಲ್ಲಿ ಡಿಫರೆನ್ಷಿಯಲ್ ಪ್ರೈವಸಿ ಇದೆ, ಎಪ್ಸಿಲಾನ್ 1" ಅಂದರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವುದಕ್ಕೆ 1? ಒಂದು ರೀಡಿಂಗಿಗೋ, ಒಂದು ದಿನಕ್ಕೋ, ಒಬ್ಬರ ಇಡೀ ಚರಿತ್ರೆಗೋ? ರೀಡಿಂಗಿಗೆ ಅಂದರೆ ಮನಸ್ಸಿನಲ್ಲೇ ನಕ್ಕು ಮುಂದಿನ ಪ್ರಶ್ನೆಗೆ ಹೋಗಿ. ನಡುವಿನದೂ ಒಂದಿದೆ: ಹಿಂದಿನ ಇಷ್ಟು ರೀಡಿಂಗ್‌ಗಳ ಕಿಟಕಿ ಎಲ್ಲಿ ಇಟ್ಟರೂ ಅದರೊಳಗಿನದನ್ನು ಕಾಪಾಡುತ್ತೇವೆ ಎನ್ನುವುದು. ನಿಲ್ಲದೆ ಹರಿಯುವ ಡೇಟಾಕ್ಕೆ ಅದು ಹೊಂದುತ್ತದೆ, ಕಿಟಕಿ ಎಷ್ಟು ಅಗಲ ಎಂದು ಕೇಳುವುದನ್ನು ಮರೆಯಬೇಡಿ.

ಲೆಕ್ಕ ಪೂರ್ತಿ ಕೈಬಿಡುವ ಹಾಗೂ ಇಲ್ಲ. ಪ್ರಶ್ನೆಯನ್ನು ಚಿಕ್ಕದು ಮಾಡಿದರೆ ದಾರಿ ತೆರೆಯುತ್ತದೆ. 48 ತುಂಡಿನ ಬದಲು ದಿನವನ್ನು ನಾಲ್ಕು ತುಂಡು ಮಾಡಿ: ರಾತ್ರಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ತುಂಡಿಗೆ ಸರಾಸರಿ 300 ಯೂನಿಟ್. ಯಾವ ಮನೆಯ ದಿನದ ಮೊತ್ತವಾದರೂ 20 ಯೂನಿಟ್ ದಾಟಿದರೆ 20ಕ್ಕೇ ಕತ್ತರಿಸಿ. ಆಗ ಒಂದು ಮನೆ ನಾಲ್ಕೂ ತುಂಡು ಸೇರಿ ಕದಲಿಸಬಲ್ಲದ್ದು 20 ಮಾತ್ರ. ಗದ್ದಲ ಸುಮಾರು 28 ಯೂನಿಟ್, ಅಂದರೆ 9 ಚಿಲ್ಲರೆ ಪರ್ಸೆಂಟ್. ದಿನಗಳನ್ನು ಕೊಡದೆ ತಿಂಗಳ ಸರಾಸರಿ ದಿನ ಕೊಟ್ಟರೆ, ಇದೇ 28ರ ಗದ್ದಲದಲ್ಲಿ ಇಡೀ ತಿಂಗಳಿಗೆ ರಕ್ಷಣೆ. ಆದರೆ 12 ತಿಂಗಳೂ ಕೊಟ್ಟು ಇಡೀ ವರ್ಷಕ್ಕೆ ಅದೇ ಎಪ್ಸಿಲಾನ್ ಬೇಕು ಅಂದರೆ ಗದ್ದಲ 12 ಪಟ್ಟು, ಸುಮಾರು 340. ಮತ್ತೆ ಗಂಜಿ. 200 ಮನೆಗೆ ಅದು ಆಗದ ಮಾತು. ಅದೇ 10,000 ಮನೆಯ ಬಡಾವಣೆಯಾದರೆ ತುಂಡಿಗೆ 15,000 ಯೂನಿಟ್, ಗದ್ದಲ ಅದೇ 340, ತಪ್ಪು 2 ಚಿಲ್ಲರೆ ಪರ್ಸೆಂಟ್ ಮಾತ್ರ. ಜಾತ್ರೆಯಲ್ಲಿ ಅಡಗುವುದು ಸುಲಭ, ಜಗಲಿಯಲ್ಲಿ ಕಷ್ಟ.

ಎಪ್ಸಿಲಾನ್ ಎಷ್ಟಿರಬೇಕು ಎಂಬುದಕ್ಕೆ ಪಂಚಾಂಗದಲ್ಲಿ ಉತ್ತರ ಇಲ್ಲ. ಪಾಠ ಹೇಳುವವರು 1 ಅನ್ನುತ್ತಾರೆ. ಅಮೆರಿಕದ 2020ರ ಜನಗಣತಿಯ ಕ್ಷೇತ್ರ ವಿಂಗಡಣೆಯ ಅಂಕಿಗಳಲ್ಲಿ ವ್ಯಕ್ತಿಗಳ ಭಾಗಕ್ಕೇ 17.14 ಇಟ್ಟರು. ಇದರ ಅರ್ಥ ಅವರು ಮೋಸ ಮಾಡಿದರು ಅಂತಲ್ಲ. ಬಳಕೆಗೆ ಬರುವಷ್ಟು ಸರಿಯಾದ ಅಂಕಿಯೂ ಬೇಕಿತ್ತು, ಅಷ್ಟೇ. ಆ ಸಂಖ್ಯೆಯನ್ನು ಬಹಿರಂಗವಾಗಿ ಹೇಳಿದ್ದು ದೊಡ್ಡದು.

ನಕಲಿ ಮನೆಗಳು

ಅಸಲಿ ಡೇಟಾ ನೋಡಿ ಕಲಿತ ಕಂಪ್ಯೂಟರ್ ಮಾಡೆಲ್ ಒಂದು, ಇಲ್ಲದ ಮನೆಗಳ ಗೆರೆಗಳನ್ನು ಸೃಷ್ಟಿಸಿ ಕೊಡುತ್ತದೆ. 2019ರ ಟೈಮ್‌ಗ್ಯಾನ್, 2020ರ ಡಾಪಲ್‌ಗ್ಯಾಂಗರ್ ಇವೆಲ್ಲಾ ಟೈಮ್ ಸೀರೀಸ್‌ಗೆಂದೇ ಬಂದ ಇಂಥ ಮಾಡೆಲ್‌ಗಳು. ಮಾರುವವರು ಹೇಳುವುದು: "ಇದರಲ್ಲಿ ಅಸಲಿ ಮನುಷ್ಯರೇ ಇಲ್ಲ ಸಾರ್, ಇನ್ನೇನು ಭಯ?"

ಭಯ ಇದೆ. ಮಾಡೆಲ್ ಬಾಯಿಪಾಠ ಹೊಡೆಯಬಹುದು. 200 ಮನೆಯಷ್ಟು ಚಿಕ್ಕ ಡೇಟಾದಲ್ಲಿ ಹೊಡೆಯುವುದೇ ಜಾಸ್ತಿ. ಎಲ್ಲರ ಹಾಗೆ ಬದುಕುವ ಮನೆಗೆ ತೊಂದರೆ ಇಲ್ಲ, ನಕಲಿಗಳ ನಡುವೆ ಕರಗಿಹೋಗುತ್ತದೆ. ರಾತ್ರಿ ಪಾಳಿಯವರ ಮನೆ, ಉಸಿರಾಟದ ಯಂತ್ರ ಇಟ್ಟುಕೊಂಡವರ ಮನೆ, ಕಾರು ಚಾರ್ಜ್ ಮಾಡುವ ಒಂದೇ ಮನೆ, ಇಂಥವು ಎದ್ದು ಕಾಣುತ್ತವೆ. ಅವನ್ನು ಮಾಡೆಲ್ ಕೈಬಿಟ್ಟರೆ ಡೇಟಾ ಸುಳ್ಳು, ಹಿಡಿದಿಟ್ಟರೆ ಗುಟ್ಟು ಬಯಲು. ಯಾರಿಗೆ ರಕ್ಷಣೆ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಸಿಗುತ್ತದೆ.

ಮಾಡೆಲ್ ಕಲಿಸುವಾಗಲೇ ಡಿಫರೆನ್ಷಿಯಲ್ ಪ್ರೈವಸಿ ಬೆರೆಸಬಹುದು. ಆಗ ಮೇಲೆ ಹಾಕಿದ ಲೆಕ್ಕವೆಲ್ಲಾ ಇಲ್ಲಿಗೂ ಬರುತ್ತದೆ, ಅದರಿಂದ ಬಿಡುಗಡೆ ಇಲ್ಲ. ಕಾಲೇಜಿನ ಹುಡುಗರು ಕೋಡ್ ಬರೆದು ಓಡಿಸಿ ನೋಡಲು ನಕಲಿ ಡೇಟಾ ಬಹಳ ಚೆನ್ನ. ಅದರಿಂದ ಸೋಲಾರ್ ಪ್ಯಾನಲ್ ಎಷ್ಟು ಬೇಕೆಂದು ತೀರ್ಮಾನಿಸಿ ದುಡ್ಡು ಹಾಕಬೇಡಿ.

ಡೇಟಾ ಕೊಡದೆಯೇ ಉತ್ತರ ಕೊಡುವುದು

ಮುಸುಕಿನ ಮೊತ್ತ ಅಂತ ಒಂದು ಚಂದದ ಉಪಾಯ ಇದೆ. ನಾನೂ ನೀವೂ ಮೊದಲೇ ಒಂದು ಗುಟ್ಟಿನ ಸಂಖ್ಯೆ ಒಪ್ಪಿಕೊಳ್ಳುತ್ತೇವೆ, 731 ಅನ್ನಿ. ನಾನು ನನ್ನ ರೀಡಿಂಗಿಗೆ 731 ಸೇರಿಸಿ ಕಳಿಸುತ್ತೇನೆ. ನೀವು ನಿಮ್ಮದರಿಂದ 731 ಕಳೆದು ಕಳಿಸುತ್ತೀರಿ. ಕೂಡಿಸುವವರಿಗೆ ಮೊತ್ತ ಸರಿಯಾಗಿ ಸಿಗುತ್ತದೆ, ಬಿಡಿಬಿಡಿ ಸಂಖ್ಯೆ ಅರ್ಥವಾಗುವುದಿಲ್ಲ. 200 ಮನೆಗಳೂ ಜೋಡಿ ಜೋಡಿಯಾಗಿ ಹೀಗೆ ಮಾಡಿದರೆ ಸಂಘದ ಕಂಪ್ಯೂಟರಿಗೂ ಯಾರ ಮನೆಯದೂ ಗೊತ್ತಾಗದು. ಪ್ರತಿ ರೀಡಿಂಗಿಗೂ ಹೊಸ ಗುಟ್ಟಿನ ಸಂಖ್ಯೆ ಬೇಕು. ಒಂದು ಮೀಟರ್ ಮಧ್ಯದಲ್ಲಿ ಕೆಟ್ಟರೆ ಮುಸುಕು ಬಿಡಿಸುವ ಏರ್ಪಾಡೂ ಬೇಕು. ಗೂಢಲಿಪಿಯಲ್ಲೇ ಕೂಡಿಸಬಲ್ಲ ಪೈಯೆ ಪದ್ಧತಿಯೂ ಇದೆ, 1999ರದ್ದು, ಅದೂ ಇದೇ ಕೆಲಸ ಮಾಡುತ್ತದೆ.

ಫೆಡರೇಟೆಡ್ ಲರ್ನಿಂಗ್‌ನಲ್ಲಿ ಮಾಡೆಲ್ಲೇ ಮನೆಮನೆಗೆ ಬಂದು ಕಲಿತು ಹೋಗುತ್ತದೆ, ಡೇಟಾ ಮನೆ ಬಿಡುವುದಿಲ್ಲ. ಕೇಳಲು ಚೆಂದ. ಆದರೆ ಮಾಡೆಲ್ ಹೊತ್ತೊಯ್ಯುವ ತಿದ್ದುಪಡಿಗಳಿಂದಲೇ ಮೂಲ ಡೇಟಾವನ್ನು ಹಿಂದಕ್ಕೆ ಕಟ್ಟಬಹುದು ಎಂದು 2019ರಲ್ಲಿ ತೋರಿಸಿದರು. ಅದನ್ನೂ ಮುಸುಕು ಹಾಕಿಯೇ ಕಳಿಸಬೇಕು. ಚಿಕ್ಕ ಸಂಘಕ್ಕೆ ಇದೆಲ್ಲಾ ಇರುವೆಗೆ ಆನೆಯ ಅಂಬಾರಿ.

ಮನೆಯಲ್ಲೇ ಬ್ಯಾಟರಿ ಇಟ್ಟು ಮೀಟರಿಗೆ ಸಮತಟ್ಟಾದ ಗೆರೆ ತೋರಿಸುವ ಯೋಚನೆಯೂ ಇದೆ. ಯುಪಿಎಸ್ ಬ್ಯಾಟರಿ ಬೆಲೆ ನೋಡಿದವರು ಆ ಮಾತು ಮುಂದುವರಿಸುವುದಿಲ್ಲ.

ಇವೆಲ್ಲಕ್ಕಿಂತ ಸರಳವಾದದ್ದು: ಪ್ರಶ್ನೆಯನ್ನು ನಿಮ್ಮ ಹತ್ತಿರ ತರಿಸಿಕೊಳ್ಳಿ. ಕೋಡ್ ಅವರು ಬರೆದು ಕೊಡಲಿ, ನೀವು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ ಉತ್ತರದ ಪುಟ ಮಾತ್ರ ಕೊಡಿ. ಕೊಡುವ ಮುಂಚೆ ಆ ಪುಟದಲ್ಲಿ ಮನೆಮನೆಯ ಸಾಲು ಇಲ್ಲ ಎಂದು ಕಣ್ಣಾರೆ ನೋಡಿ.

ಪರೀಕ್ಷೆ ಮಾಡುವುದು ಹೇಗೆ

ಯಾವ ದಾರಿ ಆರಿಸಿದರೂ ಹೊರಗೆ ಬಿಡುವ ಮುಂಚೆ ನೀವೇ ಕಳ್ಳರಾಗಿ. ಸಂಘದೊಳಗೇ ಲೆಕ್ಕ ಬಲ್ಲವರೊಬ್ಬರನ್ನು ಕೂರಿಸಿ, ಒಂದು ಭಾನುವಾರ ಕೊಡಿ.

ಮೊದಲ ಕಳ್ಳತನ: ಡೇಟಾವನ್ನು ಕಾಲದಲ್ಲಿ ಎರಡು ಮಾಡಿ. ಜನವರಿಯಿಂದ ಜೂನ್ ತನಕದ್ದು ಯಾರ ಮನೆಯದೆಂದು ಗೊತ್ತಿದೆ ಅಂದುಕೊಳ್ಳಿ. ಜುಲೈಯಿಂದ ಡಿಸೆಂಬರ್ ತನಕದ್ದಕ್ಕೆ ನಿಮ್ಮ ರಕ್ಷಣೆ ಹಾಕಿ. ಈಗ ಮೊದಲರ್ಧದ ರೂಢಿ ನೋಡಿ ಎರಡನೆಯದರಲ್ಲಿ ಮನೆ ಹುಡುಕಿ. ಸುಮ್ನೆ ಊಹಿಸಿದರೆ 200ರಲ್ಲಿ 1 ಸರಿಯಾಗುತ್ತದೆ. ನಿಮ್ಮ ಹುಡುಕಾಟ ಅದಕ್ಕಿಂತ ಎಷ್ಟು ಮೇಲಿದೆ ಎಂಬುದೇ ಅಂಕ. ಹೆಸರು ಅಳಿಸಿದ್ದೇ ರಕ್ಷಣೆ ಅಂದವರಿಗೆ ಈ ಒಂದು ಪರೀಕ್ಷೆ ತೋರಿಸಿದರೆ ಮಾತು ಮುಗಿಯುತ್ತದೆ.

ಎರಡನೆಯದು: ಯಾರೆಂದು ಗೊತ್ತಿಲ್ಲದಿದ್ದರೂ ಏನು ಗೊತ್ತಾಗುತ್ತದೆ? ಬೀಗ ಹಾಕಿದ ದಿನಗಳನ್ನು ಹುಡುಕಿ. ಮೂರನೆಯದು ನಕಲಿ ಡೇಟಾಕ್ಕೆ: ಕೆಲವು ಮನೆಗಳನ್ನು ಬೇಕಂತಲೇ ಕಲಿಕೆಯಿಂದ ಹೊರಗಿಡಿ. ಆಮೇಲೆ ನಕಲಿ ಗೆರೆಗಳನ್ನು ನೋಡಿ, ಒಳಗಿದ್ದ ಮನೆ ಯಾವುದು, ಹೊರಗಿದ್ದುದು ಯಾವುದು ಎಂದು ಹೇಳಲಾಗುತ್ತದೆಯೇ ನೋಡಿ. ಇಲ್ಲಿ ಸರಾಸರಿ ಅಂಕಕ್ಕೆ ಮರುಳಾಗಬೇಡಿ. ಎದ್ದು ಕಾಣುವ ಹತ್ತು ಮನೆಗಳ ಅಂಕ ಬೇರೆ ತೆಗೆಯಿರಿ.

ಉಪಯೋಗವನ್ನೂ ಹೀಗೇ ಅಳೆಯಬೇಕು. ಎರಡು ಗೆರೆ ಒಂದೇ ಥರ ಕಾಣುತ್ತವೆ ಎಂಬುದು ಅಳತೆಯಲ್ಲ. ಕೇಳಿದವರ ಕೆಲಸವನ್ನೇ ಮಾಡಿ ನೋಡಿ. ರಕ್ಷಣೆ ಹಾಕಿದ ಡೇಟಾದಿಂದ ಸೋಲಾರ್ ಲೆಕ್ಕ ಮಾಡಿದರೆ ಎಷ್ಟು ಕಿಲೋವ್ಯಾಟ್ ಬಂತು, ಅಸಲಿಯಿಂದ ಎಷ್ಟು ಬಂತು? ಸಂಜೆಯ ಗರಿಷ್ಠ ಲೋಡ್ ಹೊತ್ತು ತಪ್ಪಿತೇ? ನಕಲಿ ಡೇಟಾದಲ್ಲಿ ಕಲಿತ ಮಾಡೆಲ್ ಅಸಲಿ ಡೇಟಾದ ಮೇಲೆ ಹೇಗೆ ನಡೆಯಿತು?

ಕೈ ಪಳಗಿಸಲು ಅಸಲಿ ಮೀಟರ್ ಡೇಟಾ ಬೇಕಿದ್ದರೆ ಲಂಡನ್ನಿನದು ತೆರೆದಿದೆ: 5,567 ಮನೆಗಳು, 2011ರ ನವೆಂಬರ್‌ನಿಂದ 2014ರ ಫೆಬ್ರವರಿ ತನಕ, ಅರ್ಧ ಗಂಟೆಯ ರೀಡಿಂಗ್. ಅದರಲ್ಲಿ 200 ಮನೆ ಎತ್ತಿಕೊಂಡು ಮೇಲಿನದನ್ನೆಲ್ಲಾ ಮಾಡಿ ನೋಡಬಹುದು. ಅಲ್ಲಿ ಸಂಕ್ರಾಂತಿಯ ಬದಲು ಕ್ರಿಸ್ಮಸ್.

ಹಾಗಾದರೆ ಕಾರ್ಯದರ್ಶಿಗೆ ಏನು ಹೇಳುವುದು

ಸೋಲಾರ್‌ನವರಿಗೆ: ಇಡೀ ಅಪಾರ್ಟ್‌ಮೆಂಟಿನ ಮೊತ್ತ, ತಿಂಗಳಿಗೊಂದು ಸರಾಸರಿ ದಿನ, ಅರ್ಧ ಗಂಟೆಯ ತುಂಡಿನಲ್ಲಿ. ಚಾವಣಿ ಒಂದೇ, ಪ್ಯಾನಲ್ ಎಲ್ಲರದು, ಮನೆಮನೆಯ ಗೆರೆ ಅವರಿಗೆ ಯಾಕೆ? ಗದ್ದಲ ಬೇಡ, 200 ಮನೆಗೆ ಅದು ಕೊಡುವುದಕ್ಕಿಂತ ಕೆಡಿಸುವುದೇ ಜಾಸ್ತಿ. ಎದ್ದು ಕಾಣುವ ಮನೆ ಇದ್ದರೆ ಅದರ ಪಾಲು ಎಷ್ಟೆಂದು ಮೊದಲೇ ನೋಡಿ. ಮೊತ್ತವನ್ನು ಒಮ್ಮೆ ಮಾತ್ರ ಕೊಡಿ. ಆಮೇಲೆ ಒಂದು ಮನೆ ಬಿಟ್ಟು ಇನ್ನೊಂದು ಕೊಡಿ ಅಂದರೆ ಇಲ್ಲ ಅನ್ನಿ.

ಕಾಲೇಜಿನವರಿಗೆ: ಲಂಡನ್ ಡೇಟಾದ ದಾರಿ ತೋರಿಸಿ. ನಮ್ಮೂರಿನದೇ ಬೇಕು ಅಂದರೆ ಕೋಡ್ ತರಲಿ, ಉತ್ತರ ಒಯ್ಯಲಿ.

ವಿದ್ಯುತ್ ಕಂಪನಿಯಂಥ ದೊಡ್ಡವರು ಊರಿಗೆಲ್ಲಾ ಅಂಕಿ ಬಿಡುವಾಗ ಡಿಫರೆನ್ಷಿಯಲ್ ಪ್ರೈವಸಿಯೇ ಸರಿ, ಮನೆಯ ಇಡೀ ಚರಿತ್ರೆಯ ಲೆಕ್ಕದಲ್ಲಿ. ಅವರಲ್ಲಿ ಜನ ಲಕ್ಷಗಟ್ಟಲೆ ಇದ್ದಾರೆ, ಗದ್ದಲ ತಾಳಿಕೊಳ್ಳುತ್ತದೆ.

ಮನೆಮನೆಯ ಗೆರೆ ನೋಡಲೇಬೇಕಾದ ಕೆಲಸವೂ ಇರುತ್ತದೆ, ಕರೆಂಟ್ ಕಳ್ಳತನ ಹಿಡಿಯುವಂಥದ್ದು. ಅದಕ್ಕೆ ಮೇಲಿನ ಯಾವ ಲೆಕ್ಕವೂ ಆಗದು. ಅಲ್ಲಿ ಯಾರು ನೋಡಿದರು, ಯಾವಾಗ ನೋಡಿದರು ಎಂಬ ದಾಖಲೆ ಮತ್ತು ಮನೆಯವರ ಒಪ್ಪಿಗೆ, ಇವೆರಡೇ.

ಇನ್ನೊಂದನ್ನು ಕಾರ್ಯದರ್ಶಿಯವರು ಕೇಳಲಿಲ್ಲ, ಆದರೂ ಹೇಳಿಬಿಡಿ. ಆ 35 ಲಕ್ಷ ಸಂಖ್ಯೆಗಳ ಮೂಲ ಫೈಲ್ ಈಗ ಎಲ್ಲಿದೆ? ಸಂಘದ ಲ್ಯಾಪ್‌ಟಾಪಿನಲ್ಲಿ, ಹಳೆಯ ಕಾರ್ಯದರ್ಶಿಯ ಪೆನ್ ಡ್ರೈವಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಒಮ್ಮೆ ಹಾಕಿದ್ದು. ಮೊದಲು ಅವನ್ನು ಅಳಿಸಿಸಿ.